ಕೋಡಿ ಹರಿದ ವರ್ಷದ ಚಿತ್ರವೇ ಕೆರೆಯ ಗಡಿಗೆ ಸಾಕ್ಷಿಯಾಗಲಿ

ಮಾನ್ಯ ಸಂಪಾದಕರೇ,

ರಾಜ್ಯದ ಕೆರೆಗಳ ಮೇಲೆ ಉಪಗ್ರಹದ ಕಣ್ಣಿದೆ, ಒಂದಡಿ ಒತ್ತುವರಿಯಾದರೂ ಬೆಂಗಳೂರಿನಲ್ಲಿ ಕುಳಿತವರಿಗೆ ತಿಳಿಯುತ್ತದೆ ಎಂಬ ಮಾತನ್ನು ಈಚೆಗೆ ಸಭೆ ಸಮಾರಂಭಗಳಲ್ಲಿ ಬಹಳ ಕೇಳುತ್ತಿದ್ದೇನೆ. ಭೂಮಾಪನ ಇಲಾಖೆಯಲ್ಲಿ ಸರಪಳಿ ಎಳೆಯುವುದರಿಂದ ಕೆಲಸ ಶುರು ಮಾಡಿ, ಕಂಪ್ಯೂಟರ್ ಪರದೆಯ ಮೇಲೆ ನಕ್ಷೆ ಬಿಡಿಸುವವರೆಗೆ ಬಂದು ನಿವೃತ್ತನಾದವನು ನಾನು. ಉಪಗ್ರಹದ ಮೇಲೆ ನನಗೆ ಸಿಟ್ಟಿಲ್ಲ. ನನ್ನ ವಯಸ್ಸಿನವರು ಧಾರಾವಾಹಿ ನೋಡುವ ಹೊತ್ತಿನಲ್ಲಿ ನಾನು ಉಪಗ್ರಹ ಚಿತ್ರ ನೋಡುತ್ತೇನೆ. ಸಿಟ್ಟು ಇರುವುದು ‘ಒಂದಡಿ’ ಎಂಬ ಮಾತಿನ ಮೇಲೆ. ಅಳೆದು ನೋಡದೆ ಆಡಿದ ಮಾತು ಅದು.

ಅಳತೆಯಿಂದಲೇ ಶುರು ಮಾಡುತ್ತೇನೆ. ಯೂರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರಗಳು ಯಾರಿಗೆ ಬೇಕಾದರೂ ಪುಕ್ಕಟೆ ಸಿಗುತ್ತವೆ. ಮೊದಲನೆಯದು 2015ರಲ್ಲಿ, ಎರಡನೆಯದು 2017ರಲ್ಲಿ ಕಕ್ಷೆ ಸೇರಿದ ಮೇಲೆ ಐದು ದಿನಕ್ಕೊಮ್ಮೆ ನಮ್ಮ ತಾಲ್ಲೂಕಿನ ಚಿತ್ರ ಬರತೊಡಗಿತು. ಆ ಚಿತ್ರದ ಒಂದೊಂದು ಚೌಕ ನೆಲದ ಮೇಲೆ ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲ. ನಾವು ಎಳೆಯುತ್ತಿದ್ದ ಸರಪಳಿ ಹದಿನಾರು ಆಣೆಯದು, ಅಂದರೆ 33 ಅಡಿ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲವೇ ಒಂದು ಗುಂಟೆ. ಹತ್ತು ಮೀಟರ್ ಎಂದರೆ ಸರಪಳಿಗಿಂತ ಎರಡು ಅಂಗುಲ ಚಿಲ್ಲರೆ ಕಡಿಮೆ, ಅಷ್ಟೆ. ಆಕಾಶದಲ್ಲಿ ಸುಮಾರು 786 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಯಂತ್ರ ನಮ್ಮ ನೆಲವನ್ನು ಗುಂಟೆ ಲೆಕ್ಕದಲ್ಲಿ ನೋಡುತ್ತಿದೆ ಎಂದು ಗೊತ್ತಾದ ದಿನ ನನಗಾದ ಸಂತೋಷವನ್ನು ಮನೆಯವರಿಗೆ ವಿವರಿಸಲು ಹೋಗಿ ಸೋತೆ.

ಆದರೆ ಕೆರೆಯ ಅಂಗಳ ಒತ್ತುವವನು ಗುಂಟೆ ಲೆಕ್ಕದಲ್ಲಿ ಒತ್ತುವುದಿಲ್ಲ. ಈ ವರ್ಷ ಎರಡು ಸಾಲು, ಮುಂದಿನ ವರ್ಷ ಇನ್ನೆರಡು ಸಾಲು. ಗಡಿಯ ಚೌಕದಲ್ಲಿ ಅರ್ಧ ನೀರು, ಅರ್ಧ ನೆಲ ಬಿದ್ದರೆ ಕಂಪ್ಯೂಟರ್ ಯಾವುದೋ ಒಂದು ಕಡೆ ವಾಲಿ ತೀರ್ಪು ಕೊಡುತ್ತದೆ. ಅಮೆರಿಕದ ಲ್ಯಾಂಡ್‌ಸ್ಯಾಟ್ ಚಿತ್ರದ ಚೌಕ ಮೂವತ್ತು ಮೀಟರಿನದು, ಅಂದರೆ ಹೆಚ್ಚುಕಡಿಮೆ ಒಂಬತ್ತು ಗುಂಟೆ. ನಮ್ಮದೇ ಕಾರ್ಟೊಸ್ಯಾಟ್-3 ಇದಕ್ಕಿಂತ ಎಷ್ಟೋ ಪಾಲು ಸೂಕ್ಷ್ಮವಾಗಿ ನೋಡಬಲ್ಲದು, ನಿಜ. ಅದರ ಚಿತ್ರ ಹಳ್ಳಿಯವರ ಕೈಗೆ ಸುಲಭವಾಗಿ ಬರುವಂಥದಲ್ಲ. ಮೇಲಾಗಿ ಕೆರೆಗೆ ವರ್ಷಕ್ಕೊಂದು ದಿನ ಕಾವಲಿದ್ದರೆ ಸಾಲದು.

ಇನ್ನು ಉಪಗ್ರಹಕ್ಕೆ ಕಾಣುವುದು ಏನು ಎಂಬ ವಿಚಾರ. ಬರಿಗಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ನೀರು ನುಂಗಿಕೊಳ್ಳುತ್ತದೆ, ಹಸಿರೆಲೆ ಎಸೆದು ವಾಪಸು ಕಳಿಸುತ್ತದೆ. ಆದ್ದರಿಂದ ಆ ಚಿತ್ರದಲ್ಲಿ ನೀರು ಕಪ್ಪಗೆ, ಗಿಡಮರ ಹೊಳೆಯುವಂತೆ ಕಾಣುತ್ತವೆ. ಕಪ್ಪು ಇದ್ದಲ್ಲಿ ಕೆರೆ ಎಂದು ಗೆರೆ ಎಳೆಯುವುದು ಸುಲಭ. ಆದರೆ ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಮಳೆ ಬಂದರೆ ಕೆರೆ, ಇಲ್ಲದಿದ್ದರೆ ಬಯಲು. ಸಾಲುಸಾಲು ಬರಗಾಲದಲ್ಲಿ ತೆಗೆದ ಚಿತ್ರ ನೋಡಿದರೆ ನಮ್ಮಲ್ಲಿ ಕೆರೆಗಳೇ ಇಲ್ಲ ಎನ್ನಬೇಕು. ನೀರಿಲ್ಲದ ಕೆರೆಯಲ್ಲಿ ಬಳ್ಳಾರಿ ಜಾಲಿ ಬೆಳೆದು ನಿಂತಿರುತ್ತದೆ, ಉಪಗ್ರಹ ಅದನ್ನು ಕಾಡು ಎನ್ನುತ್ತದೆ. ನೀರಿರುವ ಕೆರೆಯ ಮೇಲೆ ಜೊಂಡು, ಜಲಕಳೆ ಹಬ್ಬಿರುತ್ತದೆ, ಅದನ್ನು ಹಸಿರು ಬೆಳೆ ಎನ್ನುತ್ತದೆ. ನೊರೆಗೂ ಬೆಂಕಿಗೂ ಹೆಸರಾದ ಬೆಂಗಳೂರಿನ ಬೆಳ್ಳಂದೂರು ಕೆರೆ ಕಳೆ ತುಂಬಿಕೊಂಡಿದ್ದ ವರ್ಷಗಳಲ್ಲಿ ಮೇಲಿನಿಂದ ನೋಡಿದರೆ ಹುಲ್ಲುಗಾವಲಿನಂತೆ ಕಾಣುತ್ತಿತ್ತು.

ಹಾಗೆಂದು ಕಣ್ಣು ಮುಚ್ಚಿಕೊಳ್ಳಬೇಕಾಗಿಲ್ಲ, ಒಂದೇ ದಿನದ ಚಿತ್ರ ನೋಡಿ ತೀರ್ಪು ಕೊಡದಿದ್ದರೆ ಸಾಕು. ರಾಗಿ ಆಷಾಢದ ಆಸುಪಾಸಿನಲ್ಲಿ ನೆಲಕ್ಕೆ ಬಿದ್ದು ಕಾರ್ತಿಕ, ಮಾರ್ಗಶಿರದ ಹೊತ್ತಿಗೆ ಕೊಯ್ಲಿಗೆ ಬರುತ್ತದೆ. ಏಪ್ರಿಲ್ ಬಿಸಿಲಿನಲ್ಲೂ ಹಸಿರಾಗಿರುವುದು ಜಾಲಿ, ಇಲ್ಲವೇ ಕೊಳವೆಬಾವಿಯ ಟೊಮೆಟೊ. ವರ್ಷವಿಡೀ ಬಂದ ಚಿತ್ರಗಳನ್ನು ಜೋಡಿಸಿಟ್ಟು ನೋಡಿದರೆ ಯಾವುದು ಕಳೆ, ಯಾವುದು ಬೆಳೆ, ಯಾರು ಕೆರೆಯಂಗಳದಲ್ಲಿ ಹನಿ ನೀರಾವರಿಯ ಪೈಪು ಹಾಸಿದ್ದಾರೆ ಎಂಬುದು ಬಹುಮಟ್ಟಿಗೆ ತಿಳಿಯುತ್ತದೆ.

ಈ ಪತ್ರ ಬರೆಯಲು ಕಾರಣವಾದ ವಿಚಾರಕ್ಕೆ ಈಗ ಬರುತ್ತೇನೆ. ಕೆರೆಯ ಗಡಿ ಎಂದರೆ ಯಾವುದು? ಕೆರೆ ಕೋಡಿ ಬಿದ್ದ ದಿನ ನೀರು ಎಲ್ಲಿಯವರೆಗೆ ನಿಲ್ಲುತ್ತದೋ ಅಲ್ಲಿಯವರೆಗೆ. ಇದರಲ್ಲಿ ರೈತನಿಗೂ ಸರ್ವೆಯವನಿಗೂ ಎಂಜಿನಿಯರಿಗೂ ತಕರಾರಿಲ್ಲ. ಕೋಡಿಯ ಕಲ್ಲು ಎಷ್ಟು ಎತ್ತರವೋ ಅಷ್ಟು ಎತ್ತರದ ಮಟ್ಟವನ್ನು ನೀರು ಅಂಗಳದ ತುಂಬ ತಾನೇ ಗುರುತಿಸುತ್ತದೆ, ಅದಕ್ಕಿಂತ ನಿಖರವಾದ ಮಟ್ಟಗೋಲು ನಮ್ಮ ಕಚೇರಿಯಲ್ಲಿ ಇರಲಿಲ್ಲ. ತೊಂದರೆ ಏನೆಂದರೆ ಕೋಡಿ ಹರಿಯುವುದು ನಮ್ಮ ಕಡೆ ಅಪರೂಪ. ಹತ್ತು ವರ್ಷ ಹರಿಯದಿದ್ದರೆ ಹೊಸ ತಲೆಮಾರಿಗೆ ಕೆರೆಯ ಗಡಿ ಗೊತ್ತೇ ಇರುವುದಿಲ್ಲ, ಹಳೆಯ ತಲೆಮಾರು ಮರೆತಂತೆ ನಟಿಸುತ್ತದೆ.

2021ರ ನವೆಂಬರ್ ನೆನಪು ಮಾಡಿಕೊಳ್ಳಿ. ಕೊಯ್ಲಿಗೆ ಬಂದ ರಾಗಿ ಹೊಲದಲ್ಲೇ ಮೊಳಕೆಯೊಡೆಯಿತು, ಟೊಮೆಟೊ ಕೊಳೆಯಿತು. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಎಷ್ಟೋ ವರ್ಷಗಳಿಂದ ತುಂಬದಿದ್ದ ಕೆರೆಗಳು ಕೋಡಿ ಹರಿದವು. ಹೆಂಗಸರು ಬಾಗಿನ ಬಿಟ್ಟರು, ಹುಡುಗರು ಕೋಡಿಯ ಮುಂದೆ ನಿಂತು ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡರು. ಅದೇ ಹೊತ್ತಿನಲ್ಲಿ ಆಕಾಶದಿಂದಲೂ ಚಿತ್ರ ತೆಗೆಯಲಾಗುತ್ತಿತ್ತು. ಮೋಡ ಕವಿದ ದಿನಗಳ ಸೆಂಟಿನೆಲ್-2 ಚಿತ್ರ ಕೆಲಸಕ್ಕೆ ಬಾರದು. ಆದರೆ ರೇಡಾರ್ ಇರುವ ಸೆಂಟಿನೆಲ್-1 ಮೋಡವನ್ನು ತೂರಿ ನೋಡುತ್ತದೆ, ರಾತ್ರಿಯೂ ನೋಡುತ್ತದೆ. ಮೋಡ ಚದುರಿದ ಮೇಲೂ ಕೆರೆಗಳು ತುಂಬಿಯೇ ಇದ್ದುದರಿಂದ ಡಿಸೆಂಬರಿನ ಬಣ್ಣದ ಚಿತ್ರಗಳೂ ಸಿಗುತ್ತವೆ. ಜಿಲ್ಲೆಯ ಕೆರೆಗಳು ತಮ್ಮ ಗಡಿಯನ್ನು ತಾವೇ ಗೀಚಿ ತೋರಿಸಿದ ಹೊತ್ತು ಅದು. ಆ ದಾಖಲೆ ಇವತ್ತಿಗೂ ಕಂಪ್ಯೂಟರಿನಲ್ಲಿ ಕುಳಿತಿದೆ, ಒಂದು ಪೈಸೆ ಖರ್ಚಿಲ್ಲದೆ ಇಳಿಸಿಕೊಳ್ಳಬಹುದು. ಅದನ್ನು ಗ್ರಾಮನಕಾಶೆಯ ಮೇಲೆ ಕೂರಿಸಿ, ಇದು ಕೆರೆಯ ಗಡಿ ಎಂದು ಏಕೆ ಘೋಷಿಸಬಾರದು?

ನಾನು ನಮ್ಮೂರ ಕೆರೆಗೆ ಈ ಕೆಲಸ ಮಾಡಿ ನೋಡಿದ್ದೇನೆ. 2021ರ ಡಿಸೆಂಬರಿನ ಚಿತ್ರ ತೆಗೆದು, ಗ್ರಾಮನಕಾಶೆಯನ್ನು ಅದರ ಮೇಲೆ ಕೂರಿಸಿ, ಸೈಬರ್ ಅಂಗಡಿಯಲ್ಲಿ ದೊಡ್ಡ ಹಾಳೆಯ ಮೇಲೆ ಬಣ್ಣದಲ್ಲಿ ಮುದ್ರಿಸಿಕೊಂಡು ಅರಳಿಕಟ್ಟೆಗೆ ಒಯ್ದೆ. ನೀರು ಕಪ್ಪು, ಗಿಡಮರ ಕೆಂಪು ಬರುವಂತೆ ಮಾಡಿದ್ದೆ. ಓದಿದ ಹುಡುಗರಿಗೆ ಅದು ಅರ್ಥವಾಗಲು ಹೊತ್ತು ಹಿಡಿಯಿತು. ತಲೆಮಾರುಗಳಿಂದ ತೂಬು ಎತ್ತಿ ಇಳಿಸಿದ ಮನೆತನದ ಹಿರಿಯ ನೀರುಗಂಟಿಯೊಬ್ಬರು ಇದ್ದಾರೆ, ಅವರು ಹಾಳೆಯನ್ನು ತಿರುಗಿಸಿ ಏರಿ ತಮ್ಮ ಎದುರಿಗೆ ಬರುವಂತೆ ಹಿಡಿದುಕೊಂಡರು. ತೂಬು ಇಲ್ಲಿ, ಕೋಡಿ ಇಲ್ಲಿ ಎಂದು ಬೆರಳಿಟ್ಟರು. ಆಮೇಲೆ ಮೂಡಣ ಮೂಲೆಯನ್ನು ತೋರಿಸಿ, “ಸ್ವಾಮಿ, ಇದು ಸರಿಯಿಲ್ಲ. ಇಲ್ಲಿ ನೀರು ಹೊಂಗೆಮರದ ಬುಡ ದಾಟುತ್ತದೆ. ನಿಮ್ಮ ಹಾಳೆಯಲ್ಲಿ ದಾಟಿಲ್ಲವಲ್ಲ” ಎಂದರು.

ಹೋಗಿ ನೋಡಿದೆವು. ಹೊಂಗೆಮರಗಳ ಸಾಲು ದಟ್ಟವಾಗಿತ್ತು. ಬುಡದ ಸುತ್ತ ನೀರು ನಿಂತಿದ್ದ ಕಲೆ ಮೊಣಕಾಲೆತ್ತರಕ್ಕೆ ಇನ್ನೂ ಕಾಣುತ್ತಿತ್ತು. ಮರದ ನೆತ್ತಿ ಕಂಡ ಉಪಗ್ರಹಕ್ಕೆ ಅದರ ಕೆಳಗಿದ್ದ ನೀರು ಕಂಡಿರಲಿಲ್ಲ. ಅಲ್ಲಿಂದ ಹಳೆಯ ಸರ್ವೆಯವರು ಬರೆದಿಟ್ಟ ಟಿಪ್ಪಣಿಯ ಅಳತೆ ಹಿಡಿದು ಹೊರಟರೆ, ಗಡಿ ಗುರುತಿಸುವ ಮುಂದಿನ ಬಾಂದುಕಲ್ಲು ಇರಬೇಕಾಗಿದ್ದ ಜಾಗದಲ್ಲಿ ಟೊಮೆಟೊ ತೋಟ, ಸಾಲುಗಳ ಮೇಲೆ ಹೊಳೆಯುವ ಪ್ಲಾಸ್ಟಿಕ್ ಹೊದಿಕೆ. ಕಲ್ಲು ಸಿಕ್ಕಿದ್ದು ಸ್ವಲ್ಪ ದೂರದ ಕೊಟ್ಟಿಗೆಯಲ್ಲಿ. ಹಗ್ಗ ಉಜ್ಜಿ ಉಜ್ಜಿ ಅದರ ಕುತ್ತಿಗೆ ನುಣುಪಾಗಿತ್ತು, ನೆತ್ತಿಯ ಮೇಲೆ ಕೊರೆದ ಗುರುತು ಮಾತ್ರ ಹಾಗೇ ಇತ್ತು. ಸೀಮೆಹಸುವೊಂದು ಅದಕ್ಕೆ ಕಟ್ಟಿಸಿಕೊಂಡು ನಿಂತಿತ್ತು. ತೋಟದವರು ಒಳ್ಳೆಯವರೇ, ಕಾಫಿ ಕೊಟ್ಟರು. “ಸಾರ್, ಈ ಫೋಟೊ ನೀವು ಮಾಡಿಸಿಕೊಂಡು ಬಂದದ್ದು. ಕಲ್ಲು ನಮ್ಮ ತಾತನವರ ಕಾಲದಿಂದ ಇಲ್ಲೇ ಇದೆ” ಎಂದರು. ಎರಡು ಮಾತಿನಲ್ಲಿ ಮೊದಲನೆಯದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ.

ಉತ್ತರ ಹುಡುಕಿಕೊಂಡು ಒಂದು ಕಚೇರಿಗೆ ಹೋದೆ. ಯಾವ ಕಚೇರಿ ಎಂಬುದು ಮುಖ್ಯವಲ್ಲ. ಅಲ್ಲಿದ್ದವರು ಚಿತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಇದಕ್ಕೆ ಸೀಲ್ ಇಲ್ಲವಲ್ಲ ಎಂದರು. ನನಗೆ ನಗು ಬಂದರೂ ಅವರು ಹೇಳಿದ್ದರಲ್ಲಿ ತಿರುಳಿದೆ. ಯಾರೋ ನಿವೃತ್ತ ಸರ್ವೆಯರು ಮನೆಯಲ್ಲಿ ಕುಳಿತು ಇಳಿಸಿಕೊಂಡ ಚಿತ್ರದ ಮೇಲೆ ಒಬ್ಬನ ಜಮೀನನ್ನು ಬಿಡಿಸಲಾಗದು, ಬಿಡಿಸಲೂಬಾರದು. ಆದರೆ ಸೀಲ್ ಹಾಕಬಲ್ಲ ಸಂಸ್ಥೆ ಸರ್ಕಾರದ ಬಳಿಯೇ ಇದೆ. ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರ ಇಂಥದೇ ಕೆಲಸಕ್ಕಾಗಿ ಇದೆ. ಸರ್ವೆ ನಂಬರ್ ಮೊಬೈಲಿನಲ್ಲಿ ತೋರಿಸುವ ‘ದಿಶಾಂಕ್’ ಕಂದಾಯ ಇಲಾಖೆಯದೇ. ಇಸ್ರೊ 2009ರಲ್ಲಿ ಆರಂಭಿಸಿದ ‘ಭುವನ್’ ಜಾಲತಾಣದಲ್ಲಿ ದೇಶದ ಜಲಮೂಲಗಳ ನೀರಿನ ಹರವಿನ ಮಾಹಿತಿಯೇ ಇದೆ. ವಿದ್ಯುನ್ಮಾನ ದಾಖಲೆಯನ್ನು ಪ್ರಮಾಣಪತ್ರದೊಂದಿಗೆ ನ್ಯಾಯಾಲಯದಲ್ಲಿ ಹಾಜರುಪಡಿಸಲು ಹಿಂದಿನ ಸಾಕ್ಷ್ಯ ಕಾಯ್ದೆಯಲ್ಲೂ ಅವಕಾಶವಿತ್ತು, 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಲ್ಲೂ ಇದೆ. ಕೆರೆಯ ಅಂಗಳ ಯಾರದು ಎಂಬುದಕ್ಕೆ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೇ ಕಲಮು ಸಾಕು, ಅದು ಸರ್ಕಾರದ ಸ್ವತ್ತು. ಚಿತ್ರ ಇದೆ, ನಕಾಶೆ ಇದೆ, ಕಾನೂನು ಇದೆ. ಈ ಮೂರನ್ನೂ ಒಂದೇ ಹಾಳೆಯ ಮೇಲೆ ತಂದು, ಸರ್ವೆ ನಂಬರ್ ಬರೆದು, ದಿನಾಂಕ ಹಾಕಿ, ಕೆಳಗೆ ಸಹಿ ಮಾಡುವ ಒಬ್ಬ ಅಧಿಕಾರಿಯನ್ನು ಮಾತ್ರ ಯಾರೂ ಗೊತ್ತುಮಾಡಿಲ್ಲ.

ಇದು ಆಗದ ಕೆಲಸವಲ್ಲ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಬಗರ್ ಹುಕುಂ, ಅಂದರೆ ಮಂಜೂರಾತಿ ಇಲ್ಲದೆ ಉಳುತ್ತಿರುವ ಸರ್ಕಾರಿ ಜಮೀನನ್ನು ತನಗೆ ಕೊಡಿ ಎಂದು ಕೇಳುವ ಅರ್ಜಿದಾರ ನಿಜವಾಗಿಯೂ ಹಿಂದಿನಿಂದ ಉಳುಮೆ ಮಾಡುತ್ತಿದ್ದನೇ ಎಂದು ತಿಳಿಯಲು ಕಂದಾಯ ಇಲಾಖೆ ಹಳೆಯ ಉಪಗ್ರಹ ಚಿತ್ರ ನೋಡುವ ಪದ್ಧತಿಯನ್ನು ಈಗಾಗಲೇ ತಂದಿದೆ. ಜಮೀನು ಮಂಜೂರು ಮಾಡಲು ಉಪಗ್ರಹದ ಸಾಕ್ಷಿ ನಡೆಯುತ್ತದೆ ಎಂದಾದರೆ ಕೆರೆ ಉಳಿಸಲು ಏಕೆ ನಡೆಯುವುದಿಲ್ಲ? ನನಗಂತೂ ಒಂದೇ ಕಾರಣ ತೋಚುತ್ತದೆ. ಅಲ್ಲಿ ಅರ್ಜಿ ಹಾಕಿಕೊಂಡವನು ದಿನಾ ಬಂದು ಮೇಜಿನ ಮುಂದೆ ನಿಲ್ಲುತ್ತಾನೆ. ಕೆರೆ ಬಂದು ನಿಲ್ಲುವುದಿಲ್ಲ.

ಗಡಿ ಗುರುತಿಸದೆ ಒತ್ತುವರಿ ಎಣಿಸಿದರೆ ಏನಾಗುತ್ತದೆ ಎಂಬುದಕ್ಕೆ ಕೇಂದ್ರ ಜಲಶಕ್ತಿ ಸಚಿವಾಲಯ 2023ರಲ್ಲಿ ಪ್ರಕಟಿಸಿದ ದೇಶದ ಮೊದಲ ಜಲಮೂಲಗಳ ಗಣತಿಯನ್ನು ನೋಡಬಹುದು. ದೇಶದಲ್ಲಿ ಒಟ್ಟು 24,24,540 ಜಲಮೂಲಗಳು, ಅವುಗಳಲ್ಲಿ ಒತ್ತುವರಿಯಾದವು 38,496. ನೂರಕ್ಕೆ ಎರಡು ಕೂಡ ಇಲ್ಲ! ಗಣತಿದಾರರನ್ನು ನಾನು ದೂರುವುದಿಲ್ಲ, ಅಷ್ಟು ಕೆರೆಕಟ್ಟೆಗಳನ್ನು ಒಂದು ಪಟ್ಟಿಗೆ ತಂದದ್ದೇ ದೊಡ್ಡ ಕೆಲಸ. ಆದರೆ ಹಳ್ಳಿಗಳಲ್ಲಿ ಓಡಾಡಿದ ಯಾರನ್ನಾದರೂ ಕೇಳಿ, ಈ ಸಂಖ್ಯೆಯನ್ನು ನಂಬುವವರು ಸಿಗಲಿಕ್ಕಿಲ್ಲ. ಗಡಿ ಎಲ್ಲಿದೆ ಎಂದು ಗೊತ್ತಿಲ್ಲದ ಕೆರೆಯಲ್ಲಿ ಒತ್ತುವರಿ ಇದೆ ಎಂದು ಬರೆಯುವುದಾದರೂ ಹೇಗೆ?

ಇನ್ನೊಂದು ತಂತ್ರವನ್ನು ಓದುಗರ ಗಮನಕ್ಕೆ ತರಬೇಕು, ಏಕೆಂದರೆ ಉಪಗ್ರಹ ಬಹಳ ಚೆನ್ನಾಗಿ ಹಿಡಿಯುವುದು ಇದನ್ನೇ. ಕೆಲವರು ಕೆರೆಯ ಅಂಗಳಕ್ಕೆ ಕೈ ಹಾಕುವುದಿಲ್ಲ, ಕೋಡಿಗೆ ಹಾಕುತ್ತಾರೆ. ರಾತ್ರೋರಾತ್ರಿ ಕೋಡಿಯ ಮೇಲಿನ ಒಂದು ವರಸೆ ಕಲ್ಲು ಕಿತ್ತರೆ ಸಾಕು. ನಮ್ಮ ಕೆರೆಗಳ ಅಂಗಳ ತಟ್ಟೆಯಂತೆ ಚಪ್ಪಟೆ. ಇನ್ನೂರು ಅಡಿಗೆ ಒಂದಡಿ ಇಳಿಜಾರಿರುವ ಕಡೆ ಕೋಡಿ ಒಂದಡಿ ತಗ್ಗಿದರೆ ನೀರಿನ ಅಂಚು ಇನ್ನೂರು ಅಡಿ ಹಿಂದೆ ಸರಿಯುತ್ತದೆ. ಕೆರೆ ತುಂಬಿದಂತೆಯೂ ಕಾಣುತ್ತದೆ, ಕೋಡಿಯೂ ಹರಿಯುತ್ತದೆ, ಬಾಗಿನವೂ ಬೀಳುತ್ತದೆ. ಮೇಲಿನ ಜಮೀನು ಮಾತ್ರ ಒಣಗಿ ಉಳುಮೆಗೆ ಸಿದ್ಧವಾಗಿರುತ್ತದೆ. ಇನ್ನೂರು ಅಡಿ ಎಂದರೆ ಆರು ಸರಪಳಿ, ಉಪಗ್ರಹದ ಆರು ಚೌಕ. ವೇದಿಕೆಯ ಮೇಲೆ ಹೇಳುವ ಆ ‘ಒಂದಡಿ’ ನಿಜವಾಗಿ ಕಾಣುವುದು ಇಲ್ಲಿ, ಹೇಳುವವರಿಗೆ ಅದು ಗೊತ್ತಿಲ್ಲ ಅಷ್ಟೆ. ಹಿಂದೆ ಕೋಡಿ ಹರಿದ ಒಂದು ವರ್ಷದ ಲ್ಯಾಂಡ್‌ಸ್ಯಾಟ್ ಚಿತ್ರವನ್ನೂ 2021ರ ಚಿತ್ರವನ್ನೂ ಪಕ್ಕಪಕ್ಕ ಇಡಿ. ಎರಡು ಸಲವೂ ಕೋಡಿ ಹರಿದಿದ್ದರೆ ನೀರಿನ ಹರವು ಹೆಚ್ಚುಕಡಿಮೆ ಒಂದೇ ಇರಬೇಕು. ಎಕರೆಗಟ್ಟಲೆ ಕುಗ್ಗಿದ್ದರೆ ಕೋಡಿ ತಗ್ಗಿರಬೇಕು, ಇಲ್ಲವೇ ಅಂಗಳಕ್ಕೆ ಮಣ್ಣು ಬಿದ್ದಿರಬೇಕು. ಆ ಮಣ್ಣು ಹೂಳೇ, ಯಾರಾದರೂ ಲಾರಿಯಲ್ಲಿ ತಂದು ಸುರಿದದ್ದೇ ಎಂಬುದನ್ನು ಸ್ಥಳಕ್ಕೆ ಹೋದವರು ತೀರ್ಮಾನಿಸಲಿ. ಲ್ಯಾಂಡ್‌ಸ್ಯಾಟ್‌ನ ಹಳೆಯ ಚಿತ್ರಗಳು 2008ರಿಂದ ಎಲ್ಲರಿಗೂ ಉಚಿತ. ಅವನ್ನು ಬಳಸಿ ಯೂರೋಪಿನ ವಿಜ್ಞಾನಿಗಳು 1984ರಿಂದ ಈಚೆಗೆ ಜಗತ್ತಿನ ಯಾವ ಜಾಗದಲ್ಲಿ ಎಷ್ಟು ಕಾಲ ನೀರು ನಿಂತಿತ್ತು ಎಂಬ ನಕ್ಷೆಯನ್ನೇ 2016ರಲ್ಲಿ ಪ್ರಕಟಿಸಿದ್ದಾರೆ. ನಮ್ಮೂರ ಕೆರೆಯೂ ಅದರಲ್ಲಿ ನೀಲಿ ಚುಕ್ಕೆಯಾಗಿ ಇದೆ. ದೂರದ ಯೂರೋಪಿನವರು ಲೆಕ್ಕ ಇಟ್ಟಿದ್ದಾರೆ, ನಮ್ಮ ಪಂಚಾಯಿತಿಯ ಕಡತದಲ್ಲಿ ಇಲ್ಲ.

ರಾಜಕಾಲುವೆಗಳ ವಿಷಯದಲ್ಲಿ ಉಪಗ್ರಹವನ್ನು ನೆಚ್ಚಬೇಡಿ. ಒಂದು ಕೆರೆಯ ಕೋಡಿಯಿಂದ ಇನ್ನೊಂದು ಕೆರೆಗೆ ಹೋಗುವ ಕಾಲುವೆ ಎಷ್ಟೋ ಕಡೆ ಎರಡು ಮಾರು ಅಗಲವೂ ಇರುವುದಿಲ್ಲ, ಗುಂಟೆಯ ಚೌಕದಲ್ಲಿ ಅದು ಕರಗಿಹೋಗುತ್ತದೆ. ಅದನ್ನು ಕಾಣಬೇಕಾದರೆ ಗ್ರಾಮನಕಾಶೆಯನ್ನೇ ಬಿಚ್ಚಬೇಕು, ಟಿಪ್ಪಣಿಯಲ್ಲಿ ‘ಬಿ’ ಖರಾಬು, ಅಂದರೆ ಸಾರ್ವಜನಿಕ ಬಳಕೆಯ ನೆಲ ಎಂದು ಬಿಟ್ಟಿರುವ ಗುಂಟೆಗಳನ್ನು ಕೂಡಬೇಕು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಆಸುಪಾಸಿನ ಬಡಾವಣೆಗಳಿಗೆ ನೀರು ನುಗ್ಗಿ, ಜನ ಟ್ರ್ಯಾಕ್ಟರ್ ಏರಿ ಕಚೇರಿಗೆ ಹೋದಾಗ ಅಧಿಕಾರಿಗಳು ಹುಡುಕಿದ್ದು ಹಳೆಯ ಕಂದಾಯ ನಕಾಶೆಗಳನ್ನೇ. ಆ ನಕಾಶೆಗಳು ಮೈಲಿಗೆ ಎಂಟು ಅಂಗುಲದ ಅಳತೆಯಲ್ಲಿ ಬಟ್ಟೆಯ ಮೇಲೆ, ಕಾಗದದ ಮೇಲೆ ಬರೆದವು. ಮಡಚಿದ ಕಡೆ ಹರಿದಿರುತ್ತವೆ, ಹಿಗ್ಗಿ ಕುಗ್ಗಿರುತ್ತವೆ. ಅವನ್ನು ಸ್ಕ್ಯಾನ್ ಮಾಡಿ ಉಪಗ್ರಹ ಚಿತ್ರದ ಮೇಲೆ ಕೂರಿಸುವಾಗ ಕೆಲವು ಮೀಟರ್ ಅತ್ತಿತ್ತ ಆಗಿಯೇ ಆಗುತ್ತದೆ. ಮೊಬೈಲಿನಲ್ಲಿ ಕಾಣುವ ಗೆರೆಯನ್ನು ನಂಬಿ ಅಕ್ಕಪಕ್ಕದವರು ಹೊಡೆದಾಡಿದ್ದನ್ನು ಕಂಡಿದ್ದೇನೆ. ಕೊನೆಯ ಮಾತು ಹೇಳಬೇಕಾದದ್ದು ರೋವರ್ ಹಿಡಿದು ಸ್ಥಳದಲ್ಲಿ ನಿಂತ ಭೂಮಾಪಕ. ಸೆಂಟಿಮೀಟರ್ ಲೆಕ್ಕದಲ್ಲಿ ಜಾಗ ತೋರಿಸುವ ಆ ಯಂತ್ರ ಈಗ ನಮ್ಮ ಇಲಾಖೆಗೂ ಬಂದಿದೆ, ನಮ್ಮ ಕಾಲದಲ್ಲಿ ಇದ್ದಿದ್ದರೆ ಎಷ್ಟು ಬೆವರು ಉಳಿಯುತ್ತಿತ್ತೋ.

ನೀರಿನ ಗುಣದ ಬಗ್ಗೆ ಒಂದು ಮಾತು. 2018ರಿಂದ ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆಯ ಮೂಲಕ ಬೆಂಗಳೂರಿನ ಸಂಸ್ಕರಿಸಿದ ನೀರು ಲಕ್ಷ್ಮೀಸಾಗರ ಕೆರೆಯಿಂದ ಶುರುವಾಗಿ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿದೆ. ಮೇ ತಿಂಗಳಿನ ಚಿತ್ರದಲ್ಲೂ ಆ ಕೆರೆಗಳು ಕಪ್ಪಗೆ ತುಂಬಿ ನಿಂತಿರುತ್ತವೆ. ಬತ್ತಿದ ಕೊಳವೆಬಾವಿಗಳಲ್ಲಿ ನೀರು ಬಂದಿದೆ ಎನ್ನುವ ರೈತರೂ ಇದ್ದಾರೆ, ಎರಡೇ ಹಂತದ ಸಂಸ್ಕರಣೆ ಸಾಲದು ಎಂದು ಹೋರಾಡುತ್ತಿರುವವರೂ ಇದ್ದಾರೆ. ಈ ಜಗಳವನ್ನು ಉಪಗ್ರಹ ಬಗೆಹರಿಸುವುದಿಲ್ಲ. ಪಾಚಿ ಹೆಚ್ಚಿದರೆ, ನೀರು ಕಲಕಿದ್ದರೆ ಬಣ್ಣದಿಂದ ಸುಳಿವು ಸಿಗುತ್ತದೆ. ನೈಟ್ರೇಟ್, ಫ್ಲೋರೈಡ್, ಭಾರಲೋಹ ಯಾವ ಉಪಗ್ರಹಕ್ಕೂ ಕಾಣುವುದಿಲ್ಲ, ಬಾಟಲಿಯಲ್ಲಿ ನೀರು ಹಿಡಿದು ಪ್ರಯೋಗಾಲಯಕ್ಕೆ ಕಳಿಸಲೇಬೇಕು.

ಅಂತರ್ಜಲದ ಬಗ್ಗೆಯೂ ಇದೇ ಭ್ರಮೆ ಹಬ್ಬುತ್ತಿದೆ. ತೆಂಗಿನಕಾಯಿ ಹಿಡಿದು ಕೊಳವೆಬಾವಿಗೆ ಜಾಗ ತೋರಿಸುತ್ತಿದ್ದವರು ಈಗ ಮೊಬೈಲ್ ಹಿಡಿದು ‘ಸ್ಯಾಟಲೈಟ್ ಪಾಯಿಂಟ್’ ಎನ್ನುತ್ತಾರೆ, ದರವೂ ಏರಿದೆ. 2002ರಲ್ಲಿ ಹಾರಿಸಿದ ಗ್ರೇಸ್ ಎಂಬ ಜೋಡಿ ಉಪಗ್ರಹಗಳು ಭೂಮಿಯ ಗುರುತ್ವದ ಏರಿಳಿತ ಅಳೆದು, ಪಂಜಾಬ್, ಹರಿಯಾಣ, ರಾಜಸ್ಥಾನ ಸೀಮೆಯಲ್ಲಿ ಆರು ವರ್ಷಗಳಲ್ಲಿ 109 ಘನ ಕಿಲೋಮೀಟರ್ ಅಂತರ್ಜಲ ಬರಿದಾಗಿದೆ ಎಂದು ತೋರಿಸಿಕೊಟ್ಟದ್ದು ನಿಜ. ಆದರೆ ಆ ಉಪಗ್ರಹ ನೋಡುವುದು ರಾಜ್ಯಗಳ ಗಾತ್ರದ ನೆಲವನ್ನು. ನಿಮ್ಮ ಹೊಲದ ಈಶಾನ್ಯ ಮೂಲೆಯಲ್ಲಿ ಸಾವಿರದ ಐನೂರು ಅಡಿ ಕೆಳಗೆ ನೀರಿದೆಯೇ ಎಂದು ಅದು ಹೇಳದು. ಯಾರಾದರೂ ಹೇಳುತ್ತದೆ ಎಂದರೆ ಮುಂಗಡ ಕೊಡಬೇಡಿ.

ಒತ್ತುವರಿ ತೆರವು ಎಂದರೆ ಮೊದಲು ಜೆಸಿಬಿ ನಿಲ್ಲುವುದು ಯಾರ ಹೊಲದಲ್ಲಿ ಎಂಬುದು ನನಗೆ ಗೊತ್ತು. ಬರಗಾಲದಲ್ಲಿ ಒಣಗಿದ ಅಂಗಳದಲ್ಲಿ ನಾಲ್ಕು ಸೇರು ಹುರುಳಿ ಚೆಲ್ಲಿ, ನೀರು ಬಂದಾಗ ಬಿಟ್ಟು ಮೇಲೆ ಬರುವವರು ನಮ್ಮ ಕಡೆ ಹಿಂದಿನಿಂದಲೂ ಇದ್ದಾರೆ. ಅವರನ್ನೂ, ಮಣ್ಣು ಏರಿಸಿ ಕಾಂಪೌಂಡ್ ಕಟ್ಟಿ ನಿವೇಶನ ಮಾಡಿದವರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಹಲವು ವರ್ಷಗಳ ಚಿತ್ರ ಇದ್ದರೆ ಈ ಎರಡರ ವ್ಯತ್ಯಾಸ ಎದ್ದು ಕಾಣುತ್ತದೆ. ಒಂದು ಕಡೆ ನೀರು ಬಂದಾಗಲೆಲ್ಲ ಬೆಳೆ ಮಾಯವಾಗಿರುತ್ತದೆ, ಇನ್ನೊಂದು ಕಡೆ ನೀರೇ ಬರದಂತೆ ನೆಲ ಎತ್ತರವಾಗಿರುತ್ತದೆ. ಹಾಗಾಗಿ ಉಪಗ್ರಹ ಬಡವನ ವಿರುದ್ಧ ಎಂಬ ಹೆದರಿಕೆಗೆ ಆಧಾರವಿಲ್ಲ. ಬಡವನಿಗೆ ಆ ಚಿತ್ರ ತೋರಿಸದೆ ಕಚೇರಿಯಲ್ಲೇ ಇಟ್ಟುಕೊಂಡರೆ ಮಾತ್ರ ಆ ಹೆದರಿಕೆ ನಿಜವಾಗುತ್ತದೆ.

ಆದ್ದರಿಂದ ಹೊಸದೊಂದು ಆ್ಯಪ್ ಬಿಡುಗಡೆ ಮಾಡಿ ಎಂದು ನಾನು ಕೇಳುತ್ತಿಲ್ಲ, ದಯವಿಟ್ಟು ಮಾಡಬೇಡಿ. ಪ್ರತಿ ಕೆರೆಗೆ ಅದು ಕೋಡಿ ಹರಿದ ವರ್ಷದ ದೃಢೀಕೃತ ಚಿತ್ರ, ಅದರ ಮೇಲೆ ಸರ್ವೆ ನಂಬರಿನ ಗೆರೆ, ಬದಿಯಲ್ಲಿ ಸರ್ವೆ ಇಲಾಖೆಯ ವಿಸ್ತೀರ್ಣದ ದಾಖಲೆಯಾದ ಆಕಾರಬಂದಿನ ವಿಸ್ತೀರ್ಣ ಇರುವ ದೊಡ್ಡ ಹಾಳೆಯೊಂದನ್ನು ಗ್ರಾಮ ಪಂಚಾಯಿತಿಯ ಗೋಡೆಗೆ ಹಾಕಿ. ಹಾಕುವ ಮುನ್ನ ಗ್ರಾಮಸಭೆಯಲ್ಲಿಟ್ಟು ಊರಿನ ಹಿರಿಯರಿಂದ, ನೀರುಗಂಟಿಗಳಿಂದ ತಿದ್ದಿಸಿ; ಹೊಂಗೆಮರದ ಕೆಳಗಿನ ನೀರು ಗೊತ್ತಿರುವುದು ಅವರಿಗೇ. ತಕರಾರು ಹೇಳಲು ದಿನ ಕೊಡಿ. ಆಮೇಲೆ ರೋವರ್ ತಂದು ಕಲ್ಲು ನೆಡಿ, ಕೋಡಿಯ ಎತ್ತರವನ್ನೂ ಅಳೆದು ಅದೇ ಹಾಳೆಯಲ್ಲಿ ಬರೆಯಿರಿ. ಪ್ರತಿ ವರ್ಷ ಹಿಂಗಾರು ಮುಗಿದ ಮೇಲೆ ಹೊಸ ಚಿತ್ರವೊಂದು ಅದರ ಪಕ್ಕದಲ್ಲಿ ಬರಲಿ. 2014ರ ಕಾಯ್ದೆಯಡಿ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಇರುವುದು ಬೇರೆ ಯಾವ ಕೆಲಸಕ್ಕೆ?

ನಮ್ಮೂರ ಕೆರೆಯ ಚಿತ್ರ, ಟಿಪ್ಪಣಿಯ ನಕಲು, ಸ್ಥಳದಲ್ಲಿ ಹಿಡಿದ ಅಳತೆ ಎಲ್ಲವನ್ನೂ ಸೇರಿಸಿ ಅರ್ಜಿ ಕೊಟ್ಟಿದ್ದೇನೆ. ಸ್ವೀಕೃತಿ ಬಂದಿದೆ, ಅದಕ್ಕೆ ಸೀಲ್ ಇದೆ. ಸ್ಥಳಪರಿಶೀಲನೆಗೆ ಯಾರೂ ಇನ್ನೂ ಬಂದಿಲ್ಲ. ಬರುವುದಾದರೆ ರಾಗಿ ಕೊಯ್ಲಿಗೆ ಮುಂಚೆ ಬರಲಿ, ಪೈರು ನಿಂತಿರುವಾಗ ಯಾವ ಸಾಲು ಯಾರದು ಎಂಬುದು ಕಣ್ಣಿಗೆ ಕಾಣುತ್ತದೆ. ಕಲ್ಲು ಕೊಟ್ಟಿಗೆಯಲ್ಲೇ ಇದೆ. ತೋಟದವರು ಕೊಡುವುದಿಲ್ಲ ಎಂದಿಲ್ಲ, ಸರ್ಕಾರದವರು ಬಂದು ಕೇಳಲಿ ಎಂದಿದ್ದಾರೆ.

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಭೂಮಾಪಕ
ಮುಳಬಾಗಿಲು ತಾಲ್ಲೂಕು, ಕೋಲಾರ ಜಿಲ್ಲೆ